ಥ್ರೆಡ್ ಹೋದ ಅಲ್ಯುಮಿನಿಯಂ ಕೇಸ್ ಎಸೆಯಬೇಡಿ: ಬೈಕ್ ಬೋಲ್ಟ್ ತೂತಿನ ರಿಪೇರಿಗೆ ಸಮಗ್ರ ಮಾರ್ಗದರ್ಶಿ

ಮಳೆಗಾಲಕ್ಕೆ ಮುಂಚೆ ಬೈಕಿನ ಆಯಿಲ್ ಬದಲಿಸುವುದು ನಮ್ಮ ಮನೆಯ ವಾಡಿಕೆ. ಮೂಡಿಗೆರೆ ಕಡೆ ಮಳೆ ಹಿಡಿದ ಮೇಲೆ ತೋಟದ ರಸ್ತೆಯಲ್ಲಿ ಬೈಕ್ ಕೈಕೊಟ್ಟರೆ ತಳ್ಳಿಕೊಂಡು ಬರುವುದು ಸಣ್ಣ ಕಷ್ಟವಲ್ಲ. ಒಂದು ವರ್ಷ ಮೇ ಕೊನೆಯಲ್ಲಿ ಡ್ರೈನ್ ಬೋಲ್ಟ್‌ಗೆ, ಅಂದರೆ ಹಳೆಯ ಆಯಿಲ್ ಇಳಿಸಲು ಎಂಜಿನ್ ತಳದಲ್ಲಿರುವ ಬೋಲ್ಟ್‌ಗೆ, ಸ್ಪ್ಯಾನರ್ ಹಾಕಿದೆ. ಬೋಲ್ಟ್ ತಿರುಗಿತು, ಆದರೆ ತಿರುಗಿದ ರೀತಿ ಸರಿ ಇರಲಿಲ್ಲ. ಮೊದಲ ಸುತ್ತಿನಿಂದ ಕೊನೆಯವರೆಗೂ ಅದೇ ಬಿಗಿ, ಕರಕರ ಸದ್ದು. ಹೊರಗೆ ಬಂದಾಗ ಅದರ ಹಲ್ಲುಗಳ ನಡುವೆ ಬೆಳ್ಳಿ ತಂತಿಯ ಹಾಗೆ ಏನೋ ಸುತ್ತಿಕೊಂಡಿತ್ತು. ಉಗುರಿನಲ್ಲಿ ಎಳೆದರೆ ಸ್ಪ್ರಿಂಗಿನಂತೆ ಬಿಚ್ಚಿಕೊಂಡು ಬಂತು. ಅದು ಕೇಸಿನ, ಅಂದರೆ ಎಂಜಿನ್‌ನ ಹೊರಕವಚದ ಥ್ರೆಡ್: ಬೋಲ್ಟ್ ಕಚ್ಚಿಕೊಳ್ಳಲು ತೂತಿನ ಒಳಗೋಡೆಯಲ್ಲಿರುವ ಸುರುಳಿ ಹಲ್ಲು.

ಹಿಂದಿನ ಸರ್ವಿಸ್‌ನಲ್ಲಿ ಯಾರೋ ಮಿತಿಮೀರಿ ಬಿಗಿ ಮಾಡಿದ್ದರು. ಒಂದು ಗ್ಯಾರೇಜಿನಲ್ಲಿ ವಿಚಾರಿಸಿದರೆ ಕ್ರ್ಯಾಂಕ್‌ಕೇಸ್ ಬದಲಿಸಬೇಕು ಎಂದರು. ಅಂದರೆ ಎಂಜಿನ್ ಪೂರ್ತಿ ಬಿಚ್ಚಬೇಕು. ಮನಸ್ಸು ಒಪ್ಪದೆ ಬೈಕನ್ನು ಪಿಕಪ್‌ಗೆ ಹಾಕಿಕೊಂಡು ಹಾಸನಕ್ಕೆ ಹೋದೆ. ಅಲ್ಲಿ ಕಾಫಿ ಪಲ್ಪರ್ ಶಾಫ್ಟ್, ಪಂಪ್‌ಸೆಟ್ ಕೆಲಸ ಮಾಡುವ ಲೇತ್ ಅಂಗಡಿಯ ಹಿರಿಯರೊಬ್ಬರು ತೂತಿಗೆ ಬೆರಳು ಹಾಕಿ ನೋಡಿ, "ಕೇಸ್ ಯಾಕೆ ಎಸೀತೀಯ ತಮ್ಮ? ತೂತು ಹಾಳಾಗಿದೆ, ಕೇಸ್ ಹಾಳಾಗಿಲ್ಲ" ಎಂದರು. ಸಂಜೆಯೊಳಗೆ ಕೆಲಸ ಮುಗಿಯಿತು. ಆ ದಿನ ಅವರ ಪಕ್ಕ ನಿಂತು ನೋಡಿದ್ದು, ಆಮೇಲೆ ನಾನೇ ಮಾಡುತ್ತಾ ಕಲಿತದ್ದು ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಥ್ರೆಡ್ ಯಾಕೆ ಹೋಗುತ್ತದೆ

ಬೋಲ್ಟ್ ಉಕ್ಕು, ಕೇಸ್ ಅಲ್ಯುಮಿನಿಯಂ. ಜೋರು ಮಾಡಿದರೆ ಸೋಲುವುದು ಯಾವಾಗಲೂ ಮೆತ್ತಗಿನ ಲೋಹ. ಇದರ ಜೊತೆ, ಬಿಸಿಯಾದಾಗ ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ತಣ್ಣಗಿದ್ದಾಗಲೇ ಅತಿಯಾಗಿ ಬಿಗಿ ಮಾಡಿದ ಬೋಲ್ಟ್, ಎಂಜಿನ್ ಕಾದಾಗ ತನ್ನ ಥ್ರೆಡ್ ಅನ್ನು ಇನ್ನೂ ಜಗ್ಗುತ್ತದೆ. ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಸಡಿಲವಾಗಿ ಒಂದು ದಿನ ಪೂರ್ತಿ ಕಿತ್ತು ಬರುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿ ಥ್ರೆಡ್ ಹೋದರೂ ತಪ್ಪು ಎಷ್ಟೋ ತಿಂಗಳ ಹಿಂದಿನದ್ದಾಗಿರಬಹುದು.

ನಮ್ಮ ಕಡೆ ಇನ್ನೊಂದು ಕಾರಣ ಇದೆ. ತಿಂಗಳುಗಟ್ಟಲೆ ಮಳೆ, ಕೆಸರು. ಉಕ್ಕು, ಅಲ್ಯುಮಿನಿಯಂ ಎರಡೂ ಅಂಟಿಕೊಂಡಿರುವ ಕಡೆ ನೀರು ನಿಂತರೆ ಅಲ್ಯುಮಿನಿಯಂ ತಿನ್ನಲ್ಪಟ್ಟು ಬಿಳಿ ಪುಡಿಯಾಗುತ್ತದೆ. ಆ ಪುಡಿ ಬೋಲ್ಟನ್ನು ಹಿಡಿದುಕೊಳ್ಳುತ್ತದೆ. ಬಿಚ್ಚುವಾಗ ಬೋಲ್ಟಿನ ಜೊತೆ ಥ್ರೆಡ್ಡೂ ಬರುತ್ತದೆ. ಬೋಲ್ಟ್ ತಲೆಯ ಸುತ್ತ ಬಿಳಿ ಪುಡಿ ಕಂಡರೆ ಹಿಂದಿನ ರಾತ್ರಿಯೇ ಡಬ್ಲ್ಯೂಡಿ-40 ಸ್ಪ್ರೇ ಹೊಡೆದಿಡಿ. ಮರುದಿನ ಒಂದೇ ಸಮನೆ ಬಿಚ್ಚಬೇಡಿ. ಸ್ವಲ್ಪ ಬಿಚ್ಚಿ, ಸ್ವಲ್ಪ ವಾಪಸ್ ತಿರುಗಿಸಿ, ಮತ್ತೆ ಬಿಚ್ಚಿ.

ಮೊದಲು ರೋಗ ಗೊತ್ತಾಗಲಿ

ಎಲ್ಲ ಕೆಟ್ಟ ಥ್ರೆಡ್‌ಗೂ ಡ್ರಿಲ್ ಬೇಕಾಗಿಲ್ಲ. ಟಾರ್ಚ್ ಹಾಕಿ ತೂತಿನ ಒಳಗೆ ನೋಡಿ.

ಬೋಲ್ಟ್ ಒಂದೆರಡು ಸುತ್ತಿಗೇ ಓರೆಯಾಗಿ ಸಿಕ್ಕಿಕೊಳ್ಳುತ್ತಿದ್ದರೆ ಅದು ಅಡ್ಡ ಥ್ರೆಡ್. ಅದೇ ಸೈಜಿನ ಟ್ಯಾಪನ್ನು (ಥ್ರೆಡ್ ಕೊರೆಯುವ ಟೂಲ್) ಕೈಯಲ್ಲಿ ನಿಧಾನಕ್ಕೆ ಇಳಿಸಿದರೆ ಸಾಕು, ಹಳೆಯ ದಾರಿ ಮತ್ತೆ ತೆರೆದುಕೊಳ್ಳುತ್ತದೆ.

ಮೇಲಿನ ಥ್ರೆಡ್ ಮಾತ್ರ ಹೋಗಿದ್ದು ಕೆಳಗೆ ಒಳ್ಳೆಯದು ಉಳಿದಿದ್ದರೆ ಉದ್ದದ ಬೋಲ್ಟ್ ಹಾಕಬಹುದು. ಎಂಜಿನ್ ಕವರ್‌ನ ಎಷ್ಟೋ ಬೋಲ್ಟ್‌ಗಳು ತೂತಿನ ತಳದವರೆಗೆ ಹೋಗುವುದೇ ಇಲ್ಲ. ಪೆನ್ನಿನ ರೀಫಿಲ್ ಇಳಿಸಿ ಆಳ ಅಳೆಯಿರಿ. ಬೋಲ್ಟಿನ ತುದಿ ಮತ್ತು ತಳದ ನಡುವೆ ಕನಿಷ್ಠ 2 ಮಿ.ಮೀ. ಉಳಿಯಬೇಕು. ತುದಿ ತಳಕ್ಕೆ ತಾಗಿದರೆ ಬೋಲ್ಟ್ ಟೈಟ್ ಆದಂತೆ ಅನಿಸುತ್ತದೆ, ಕವರ್ ಮಾತ್ರ ಸಡಿಲವಾಗಿಯೇ ಇರುತ್ತದೆ. ನಾನು ಯಾವಾಗಲೂ ಮೊದಲು ನೋಡುವುದು ಈ ದಾರಿ ಇದೆಯಾ ಅಂತ.

ಬೋಲ್ಟ್ ಸುಮ್ನೆ ಸುತ್ತುತ್ತಲೇ ಇದ್ದರೆ, ಒಳಗೆ ಗೋಡೆ ನುಣ್ಣಗೆ ಕಂಡರೆ, ಹೊಸ ಥ್ರೆಡ್ ಕೂರಿಸಲೇಬೇಕು.

ಈಗ ಸೈಜ್. ಅಂಗಡಿಯಲ್ಲಿ "10ರ ಬೋಲ್ಟ್" ಎಂದರೆ ಸಾಮಾನ್ಯವಾಗಿ 10ರ ಸ್ಪ್ಯಾನರ್ ಕೂರುವ ಬೋಲ್ಟ್ ಎಂದರ್ಥ. ಅದರ ದಪ್ಪ 6 ಮಿ.ಮೀ., ಅಂದರೆ ಅದು ಎಂ6. ರಿಪೇರಿ ಕಿಟ್ ಕೊಳ್ಳುವಾಗ ದಪ್ಪ ಮತ್ತು ಪಿಚ್ (ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಎಷ್ಟು ಮಿ.ಮೀ. ದೂರ) ಎರಡನ್ನೂ ಹೇಳಿ. ಎಂ6ಕ್ಕೆ ಪಿಚ್ 1.0, ಎಂ8ಕ್ಕೆ 1.25 ಸಾಮಾನ್ಯ. ಎಂ10, ಎಂ12ರಲ್ಲಿ 1.25 ಕೂಡ ಬರುತ್ತದೆ, 1.5 ಕೂಡ ಬರುತ್ತದೆ. ಪಿಚ್ ಗೇಜ್ ಇಲ್ಲದಿದ್ದರೆ ಗೊತ್ತಿರುವ ಬೋಲ್ಟನ್ನು ಪಕ್ಕಕ್ಕೆ ಒತ್ತಿ ಹಿಡಿದು ಬೆಳಕಿಗೆ ನೋಡಿ. ಹಲ್ಲಿಗೆ ಹಲ್ಲು ಕೂತರೆ ಪಿಚ್ ಒಂದೇ. ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಹಳೆಯ ಬುಲೆಟ್ ಇಟ್ಟುಕೊಂಡವರು ಇನ್ನೂ ಹುಷಾರಾಗಿರಬೇಕು. ಅವುಗಳಲ್ಲಿ ಇಂಚಿನ ಲೆಕ್ಕದ ಬ್ರಿಟಿಷ್ ಥ್ರೆಡ್ ಇರುತ್ತದೆ. ಮೆಟ್ರಿಕ್ ಬೋಲ್ಟ್ ಎರಡು ಸುತ್ತು ಹೋಗಿಬಿಡುತ್ತದೆ, ಆಮೇಲೆ ಎಲ್ಲವನ್ನೂ ಕಿತ್ತುಹಾಕುತ್ತದೆ.

ಯಾವ ರಿಪೇರಿ ಎಲ್ಲಿಗೆ

ಹೆಲಿಕಾಯಿಲ್ ಎಂದರೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ. ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಅದರಲ್ಲಿ ಹೊಸ ಥ್ರೆಡ್ ಕೊರೆದು, ಈ ಸುರುಳಿಯನ್ನು ತಿರುಗಿಸಿ ಕೂರಿಸುತ್ತಾರೆ. ಒಳಗಡೆ ನಿಮ್ಮ ಹಳೆಯ ಬೋಲ್ಟಿನ ಸೈಜೇ ಸಿಗುತ್ತದೆ. ಸುರುಳಿ ಕೇಸನ್ನು ಹಿಡಿಯುವ ಸುತ್ತಳತೆ ಹಳೆಯ ಥ್ರೆಡ್‌ಗಿಂತ ದೊಡ್ಡದು, ಬೋಲ್ಟ್ ತಾಗುವ ಮುಖ ಉಕ್ಕು. ಆದ್ದರಿಂದ ಸರಿಯಾಗಿ ಕೂತರೆ ಕಂಪನಿಯ ಥ್ರೆಡ್‌ಗಿಂತ ಗಟ್ಟಿ. ಕ್ಲಚ್ ಕವರ್, ಮ್ಯಾಗ್ನೆಟ್ ಕವರ್, ಸೈಲೆನ್ಸರ್ ಸ್ಟಡ್ ಇಂಥವಕ್ಕೆ ಇದೇ ನನ್ನ ಮೊದಲ ಆಯ್ಕೆ.

ಡ್ರೈನ್ ಬೋಲ್ಟ್, ಸ್ಪಾರ್ಕ್ ಪ್ಲಗ್‌ನಂತೆ ಪದೇ ಪದೇ ಬಿಚ್ಚುವ ಕಡೆ ಗಟ್ಟಿ ಬುಷ್ ಒಳ್ಳೆಯದು. ಒಳಗೂ ಹೊರಗೂ ಥ್ರೆಡ್ ಇರುವ ಕೊಳವೆ ಅದು. ಬೋಲ್ಟಿನ ಜೊತೆ ಬಿಚ್ಚಿಕೊಂಡು ಬರುವ ಭಯ ಕಡಿಮೆ.

ಬೋಲ್ಟ್ ಕೂರುವ ಕಿವಿಯೇ ಮುರಿದಿದ್ದರೆ ಆರ್ಗಾನ್ ವೆಲ್ಡಿಂಗ್‌ನಲ್ಲಿ ತುಂಬಿಸಿ ಮತ್ತೆ ಕೊರೆಯಬೇಕು.

ಎಂ-ಸೀಲ್ ತುಂಬುವುದು, ಟೆಫ್ಲಾನ್ ಟೇಪ್ ಸುತ್ತುವುದು, ತಾನೇ ಥ್ರೆಡ್ ಕೊರೆದುಕೊಳ್ಳುವ ದಪ್ಪ ಡ್ರೈನ್ ಬೋಲ್ಟ್ ಒತ್ತಿ ಹಾಕುವುದು ಬೇಡ. ಮೊದಲೆರಡಕ್ಕೆ ಬೋಲ್ಟನ್ನು ಹಿಡಿದಿಡುವ ಬಲವಿಲ್ಲ. ಮೂರನೆಯದು ಓರೆಯಾಗಿ ಹೋಗಿ, ಮುಂದೆ ಸರಿಯಾದ ರಿಪೇರಿಗೆ ಉಳಿದಿದ್ದ ಲೋಹವನ್ನೂ ತಿಂದುಹಾಕುತ್ತದೆ.

ಬ್ರೇಕ್ ಕ್ಯಾಲಿಪರ್ ಹಿಡಿಯುವ ಬೋಲ್ಟ್‌ಗಳ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಅದರ ಮೇಲೆ ಕೈ ಪಳಗಿಸಿಕೊಳ್ಳಬೇಡಿ. ಹೊಸ ಭಾಗ ಹಾಕಿ. ಚಾರ್ಮಾಡಿ ಘಾಟಿ ಇಳಿಯುವಾಗ ಆ ಎರಡು ಬೋಲ್ಟ್‌ಗಳ ಮೇಲೆ ನಿಮ್ಮ ಜೀವ ನಿಂತಿರುತ್ತದೆ.

ಬೇಕಾದ ಸಾಮಾನು

ಎಂ6 ಹೆಲಿಕಾಯಿಲ್ ಕಿಟ್ ಒಂದಿದ್ದರೆ ಎಂಜಿನ್ ಕವರ್‌ನ ಹೆಚ್ಚಿನ ಕೆಲಸ ನಡೆಯುತ್ತದೆ. ಅದರಲ್ಲಿ ಡ್ರಿಲ್ ಬಿಟ್, ಟ್ಯಾಪ್, ಸುರುಳಿ ಕೂರಿಸುವ ಟೂಲ್, ಸುರುಳಿಗಳು ಇರುತ್ತವೆ. ಎಂ6ಕ್ಕೆ ಬಿಟ್ ಸಾಮಾನ್ಯವಾಗಿ 6.2 ಅಥವಾ 6.3 ಮಿ.ಮೀ., ಎಂ8ಕ್ಕೆ 8.3 ಅಥವಾ 8.4. ಕಿಟ್ ಏನು ಹೇಳುತ್ತದೋ ಅದನ್ನೇ ಬಳಸಿ. ಟ್ಯಾಪ್ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಅದು ಮಾಮೂಲಿ ಎಂ6 ಟ್ಯಾಪ್ ಅಲ್ಲ, ಎಂ7 ಕೂಡ ಅಲ್ಲ. ಪಿಚ್ ಎಂ6ರದ್ದೇ, ದಪ್ಪ ಮಾತ್ರ ಸುರುಳಿಗೆ ತಕ್ಕಂತೆ ಹೆಚ್ಚು. ಸುರುಳಿಯ ಉದ್ದ ಬೋಲ್ಟ್ ದಪ್ಪದ ಒಂದೂವರೆ ಪಟ್ಟು ಇರಲಿ. ಎಂ6ಕ್ಕೆ 9 ಮಿ.ಮೀ., ಎಂ8ಕ್ಕೆ 12 ಮಿ.ಮೀ. ಇಷ್ಟು ಹಿಡಿತ ಅಲ್ಯುಮಿನಿಯಂಗೆ ಬೇಕೇ ಬೇಕು.

ಇದಲ್ಲದೆ ಟ್ಯಾಪ್ ಹ್ಯಾಂಡಲ್, ಗ್ರೀಸ್, ಸೀಮೆಎಣ್ಣೆ ಅಥವಾ ಡೀಸೆಲ್, ಹಳೆಯ ಟೂತ್‌ಬ್ರಷ್, ಹತ್ತಿ ಬಟ್ಟೆ, ಚೂಪು ಮೂಗಿನ ಪ್ಲೈಯರ್, ಕಣ್ಣಿಗೆ ಕನ್ನಡಕ.

ಎಂ6 ತೂತಿಗೆ ಹೆಲಿಕಾಯಿಲ್ ಹಾಕುವ ಕ್ರಮ

ಬೈಕನ್ನು ಮೇನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಎಂಜಿನ್ ತಣ್ಣಗಿರಲಿ. ಆಯಿಲ್ ಇರುವ ಕಡೆಯ ಕವರ್ ಆದರೆ ಮೊದಲು ಆಯಿಲ್ ಇಳಿಸಿ. ಸುತ್ತಲಿನ ಮಣ್ಣು ಪೂರ್ತಿ ತೊಳೆಯಿರಿ. ಕವರ್ ತೆಗೆದು, ಒಳಗೆ ಗೇರ್, ಕ್ಲಚ್ ಕಾಣುವ ಕಡೆಯೆಲ್ಲ ಬಟ್ಟೆ ತುರುಕಿ. ಒಂದು ವಿಷಯ ಮರೆಯಬೇಡಿ: ಅಲ್ಯುಮಿನಿಯಂ ಚೂರನ್ನು ಅಯಸ್ಕಾಂತ ಎಳೆಯುವುದಿಲ್ಲ. ಒಳಗೆ ಬಿದ್ದರೆ ಹುಡುಕಿ ತೆಗೆಯುವುದು ಕಷ್ಟ. ಅದಕ್ಕೇ ಬಿಟ್ ಮತ್ತು ಟ್ಯಾಪ್ ಎರಡರ ತೋಡುಗಳಿಗೂ ಗ್ರೀಸ್ ತುಂಬಿಕೊಳ್ಳಿ. ಚೂರು ಗ್ರೀಸಿಗೆ ಅಂಟಿಕೊಂಡೇ ಹೊರಗೆ ಬರುತ್ತದೆ.

ತೂತಿನ ಆಳ ಅಳೆದು, ಡ್ರಿಲ್ ಬಿಟ್‌ಗೆ ಅಷ್ಟಕ್ಕೇ ಟೇಪ್ ಸುತ್ತಿ. ತಳ ಮುಚ್ಚಿದ ತೂತಾದರೆ ಆ ಗುರುತು ದಾಟಲೇಬಾರದು. ದಾಟಿದರೆ ಕೇಸ್ ತೂತಾಗುತ್ತದೆ.

ಇನ್ನು ಕೊರೆಯುವುದು. ಇಡೀ ಕೆಲಸದ ಜೀವ ಇರುವುದು ಇಲ್ಲಿ. ತೂತು ನೆಟ್ಟಗಿದ್ದರೆ ಉಳಿದದ್ದು ಸುಲಭ, ಓರೆಯಾದರೆ ಎಷ್ಟು ಚೆನ್ನಾಗಿ ಸುರುಳಿ ಕೂರಿಸಿದರೂ ಬೋಲ್ಟ್ ಕವರ್‌ಗೆ ತಾಗಿ ನಿಲ್ಲುತ್ತದೆ. ಥ್ರೆಡ್ ಹೋದ ಎಂ6 ತೂತು ಆಗಲೇ ಹೆಚ್ಚುಕಡಿಮೆ 6 ಮಿ.ಮೀ. ಅಗಲ ಆಗಿರುತ್ತದೆ. ನಾವು ತೆಗೆಯಬೇಕಾದದ್ದು ಕೂದಲೆಳೆಯಷ್ಟು. ಅದಕ್ಕೆ ಕರೆಂಟ್ ಡ್ರಿಲ್ ಬೇಡ. ಕರೆಂಟ್ ಡ್ರಿಲ್‌ನಲ್ಲಿ ಬಿಟ್ ಅಲ್ಯುಮಿನಿಯಂ ಅನ್ನು ಕಚ್ಚಿಕೊಂಡು ಗಬಕ್ಕನೆ ಒಳಗೆ ನುಗ್ಗುತ್ತದೆ. ಬಿಟ್‌ನ ಹಿಂಭಾಗವನ್ನು ಟ್ಯಾಪ್ ಹ್ಯಾಂಡಲ್‌ಗೆ ಸಿಕ್ಕಿಸಿ ಕೈಯಲ್ಲೇ ತಿರುಗಿಸಿ. ನಾಲ್ಕು ಸುತ್ತಿಗೊಮ್ಮೆ ಹೊರತೆಗೆದು ಒರೆಸಿ.

ನೆಟ್ಟಗೆ ಹೋಗಲು ಎರಡು ಉಪಾಯ. ಲೇತ್ ಅಂಗಡಿಯಲ್ಲಿ 20 ಮಿ.ಮೀ. ದಪ್ಪದ ಕಬ್ಬಿಣದ ತುಂಡಿಗೆ ಬಿಟ್ ಸೈಜಿನದ್ದೇ ನೇರ ತೂತು ಹೊಡೆಸಿಕೊಳ್ಳಿ. ಅದನ್ನು ಕೇಸಿನ ಮುಖಕ್ಕೆ ಒತ್ತಿ ಹಿಡಿದು, ಅದರ ಮೂಲಕವೇ ಬಿಟ್ ಇಳಿಸಿದರೆ ಓರೆಯಾಗಲು ಜಾಗವೇ ಇರುವುದಿಲ್ಲ. ನನ್ನ ಬಳಿ ಇರುವ ತುಂಡು ಅದೇ ಹಿರಿಯರು ಮಾಡಿಕೊಟ್ಟದ್ದು, ಕಿಟ್ ಡಬ್ಬಿಯಲ್ಲೇ ಇಟ್ಟಿದ್ದೇನೆ. ಇನ್ನೊಂದು, ಹಳೆಯ ಸಿಡಿ. ಸಿಡಿಯ ನಡುವಿನ ತೂತು ಬೋಲ್ಟ್ ತೂತಿನ ಮೇಲೆ ಬರುವಂತೆ ಇಟ್ಟು ಬಿಟ್ ಇಳಿಸಿ. ಹೊಳೆಯುವ ಮುಖದಲ್ಲಿ ಬಿಟ್‌ನ ಪ್ರತಿಬಿಂಬ ಕಾಣುತ್ತದೆ. ಎರಡು ಪಕ್ಕದಿಂದ ನೋಡಿದಾಗಲೂ ಬಿಟ್ ಮತ್ತು ಪ್ರತಿಬಿಂಬ ಒಂದೇ ಗೆರೆಯಲ್ಲಿದ್ದರೆ ನೆಟ್ಟಗಿದೆ. ಮುರಿದಂತೆ ಕಂಡರೆ ಓರೆ.

ತೂತು ಒರೆಸಿ, ಟ್ಯಾಪ್‌ಗೆ ಗ್ರೀಸ್ ಜೊತೆ ಎರಡು ಹನಿ ಸೀಮೆಎಣ್ಣೆ ಬಿಡಿ. ಅಲ್ಯುಮಿನಿಯಂ ಟ್ಯಾಪ್‌ನ ಹಲ್ಲಿಗೆ ಮೆತ್ತಿಕೊಳ್ಳುವ ಸ್ವಭಾವದ್ದು. ಸೀಮೆಎಣ್ಣೆ ಅದನ್ನು ತಡೆಯುತ್ತದೆ. ಮೊದಲ ಎರಡು ಸುತ್ತು ಮಾತ್ರ ಸ್ವಲ್ಪ ಒತ್ತು ಕೊಡಿ. ಕಚ್ಚಿಕೊಂಡ ಮೇಲೆ ಅದು ತಾನೇ ಇಳಿಯುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸುವಾಗ 'ಟಕ್' ಎಂದು ಸಣ್ಣದಾಗಿ ಬಿಟ್ಟುಕೊಳ್ಳುವುದು ಬೆರಳಿಗೆ ಗೊತ್ತಾಗುತ್ತದೆ. ಅದು ಚೂರು ತುಂಡಾದ ಗುರುತು. ಆ ಹಿರಿಯರು ಪ್ರತಿ ಸಲ ಆ ಟಕ್ ಆಗುವವರೆಗೆ ಕಾಯುತ್ತಿದ್ದರು. ಒಂದು ಕಡೆ ಹ್ಯಾಂಡಲ್ ಸ್ವಲ್ಪ ಸ್ಪ್ರಿಂಗ್ ಹೊಡೆದಂತೆ ಆಯಿತು. ತಕ್ಷಣ ನಿಲ್ಲಿಸಿ ಟ್ಯಾಪ್ ಪೂರ್ತಿ ಹೊರತೆಗೆದರು. ತೋಡಿನಲ್ಲಿ ಬೂದು ಬಣ್ಣದ ಚೂರು ಗಿಡಿದು ಕೂತಿತ್ತು. "ಜೋರು ಮಾಡಿದ್ರೆ ಒಳಗೇ ಮುರೀತಿತ್ತು" ಎಂದರು. ಮುರಿದ ಟ್ಯಾಪ್ ಗಡಸು ಉಕ್ಕು, ಮಾಮೂಲಿ ಡ್ರಿಲ್‌ಗೆ ಬಗ್ಗುವುದಿಲ್ಲ. ಹಾಗಾಗಿ ಮೂರ್ನಾಲ್ಕು ಸುತ್ತಿಗೊಮ್ಮೆ ಹೊರತೆಗೆದು ಬ್ರಷ್ ಹಾಕುವುದೇ ಕ್ಷೇಮ.

ಥ್ರೆಡ್ ಆದ ಮೇಲೆ ತೂತನ್ನು ಡೀಸೆಲ್‌ನಲ್ಲಿ ಬ್ರಷ್ ಮಾಡಿ, ಕನ್ನಡಕ ಹಾಕಿಕೊಂಡು ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ತಳ ಮುಚ್ಚಿದ ತೂತಿನಲ್ಲಿ ಹನಿ ಎಣ್ಣೆಯೂ ನಿಲ್ಲಬಾರದು. ಬೋಲ್ಟ್ ಬಿಗಿಯುವಾಗ ಆ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಒತ್ತಡ ಹೆಚ್ಚಿ ಕೇಸನ್ನೇ ಸೀಳಬಹುದು. ಬಟ್ಟೆಯ ತುದಿಯನ್ನು ತಿರುಚಿ ಒಳಗಿಳಿಸಿ ಹೀರಿಸಿ.

ಸುರುಳಿಯ ಕೆಳತುದಿಯಲ್ಲಿ ಅಡ್ಡಕ್ಕೆ ಒಂದು ಸಣ್ಣ ಕೊಂಡಿ ಇರುತ್ತದೆ. ಟೂಲ್‌ನ ತುದಿಯ ಸೀಳು ಅದನ್ನು ಹಿಡಿಯುವಂತೆ ಸಿಕ್ಕಿಸಿ, ತೂತಿನ ಬಾಯಿಗೆ ಇಟ್ಟು ಬಲಕ್ಕೆ ತಿರುಗಿಸಿ. ಥ್ರೆಡ್ ಹಿಡಿದ ಮೇಲೆ ಕೆಳಗೆ ಒತ್ತಬೇಡಿ. ಒತ್ತಿದರೆ ಸುರುಳಿ ಒಂದು ಥ್ರೆಡ್ ಹಾರಿ ಕೂರುತ್ತದೆ. ಮೇಲಿನ ತುದಿ ಕೇಸಿನ ಮುಖದಿಂದ ಕಾಲಿನಿಂದ ಅರ್ಧ ಸುತ್ತು ಕೆಳಗೆ ಹೋದಾಗ ನಿಲ್ಲಿಸಿ. ಮೇಲೆ ಚಾಚಿಕೊಂಡಿದ್ದರೆ ಕವರ್ ಸರಿಯಾಗಿ ಕೂರುವುದಿಲ್ಲ, ಆಯಿಲ್ ಸೋರುತ್ತದೆ. ಹಿಂದಕ್ಕೆ ತಿರುಗಿಸಿ ಸರಿಮಾಡಲು ಹೋಗಬೇಡಿ, ಸುರುಳಿ ಹಿಗ್ಗಿ ಹಿಡಿದುಕೊಳ್ಳುತ್ತದೆ. ತಪ್ಪಾಗಿದ್ದರೆ ಪ್ಲೈಯರ್‌ನಲ್ಲಿ ಎಳೆದು ಬಿಸಾಡಿ, ಹೊಸದು ಹಾಕಿ.

ಕೊಂಡಿಯನ್ನು ಮುರಿಯಬೇಕಾದರೆ ಚಪ್ಪಟೆ ಪಂಚ್ ಇಟ್ಟು ಸುತ್ತಿಗೆಯಲ್ಲಿ ಒಂದೇ ಚುರುಕಾದ ಏಟು. ಪಂಚ್ ತುದಿಗೆ ಗ್ರೀಸ್ ಇದ್ದರೆ ತುಂಡು ಅಂಟಿಕೊಂಡು ಬರುತ್ತದೆ. ತೂತು ಎಂಜಿನ್ ಒಳಕ್ಕೆ ತೆರೆದಿದ್ದರೆ ಏಟು ಬೇಡವೇ ಬೇಡ. ಪ್ಲೈಯರ್‌ನಲ್ಲಿ ಹಿಡಿದು ಆಚೀಚೆ ಬಗ್ಗಿಸಿ ಮುರಿದು ತೆಗೆಯಿರಿ. ಬೋಲ್ಟ್ ಅಲ್ಲಿವರೆಗೆ ಬಾರದಿದ್ದರೆ ಕೊಂಡಿ ಹಾಗೇ ಇರಲಿ.

ಕೊನೆಗೆ ಬೋಲ್ಟನ್ನು ಬೆರಳಲ್ಲಿ ತಿರುಗಿಸಿ. ತಡೆಯಿಲ್ಲದೆ ಸುರುಳಿಯ ಉದ್ದಕ್ಕೂ ಹೋಗಬೇಕು.

ಡ್ರೈನ್ ಬೋಲ್ಟ್‌ಗೆ ಬುಷ್

ನನ್ನ ಬೈಕಿನ ಡ್ರೈನ್ ಬೋಲ್ಟ್ ಎಂ12, ಪಿಚ್ 1.5. ಲೇತ್‌ನಲ್ಲಿ ಮಾಡಿದ ಬುಷ್ ಒಳಗೆ ಎಂ12, ಹೊರಗೆ ಎಂ16, ಎರಡಕ್ಕೂ ಪಿಚ್ 1.5. ಕೇಸಿನಲ್ಲಿ 14.5 ಮಿ.ಮೀ. ತೂತು, ಅದಕ್ಕೆ ಎಂ16 ಟ್ಯಾಪ್. ಲೆಕ್ಕ ಸುಲಭ: ದಪ್ಪದಲ್ಲಿ ಪಿಚ್ ಕಳೆದರೆ ಡ್ರಿಲ್ ಸೈಜ್ ಸಿಗುತ್ತದೆ. ಇದಕ್ಕೆ ಮುಂಚೆ ತೂತಿನ ಸುತ್ತ ಎಷ್ಟು ಲೋಹ ಇದೆ ನೋಡಿ. ಕೊರೆದ ಮೇಲೂ ಸುತ್ತ 3 ಮಿ.ಮೀ. ಗೋಡೆ ಉಳಿಯದಿದ್ದರೆ ಎಂ12 ಹೆಲಿಕಾಯಿಲ್‌ಗೇ ತೃಪ್ತಿಪಡಿ.

ಬುಷ್‌ನ ಹೊರಮೈಯನ್ನೂ ಕೇಸಿನ ಥ್ರೆಡ್ಡನ್ನೂ ಎಣ್ಣೆಯಿಲ್ಲದಂತೆ ಒರೆಸಿ, ಗಟ್ಟಿ ಹಿಡಿಯುವ ಲಾಕ್‌ಟೈಟ್ ಅಂಟು ಹಚ್ಚಿ, ಕೇಸಿನ ಮುಖಕ್ಕಿಂತ ಕೂದಲಷ್ಟು ಒಳಗೆ ಕೂರಿಸಿ. ಆಗ ಡ್ರೈನ್ ವಾಷರ್ ಬುಷ್ ದಾಟಿ ಅಲ್ಯುಮಿನಿಯಂ ಮೇಲೆ ಕೂರುತ್ತದೆ, ಆಯಿಲ್ ಎಲ್ಲಿಂದಲೂ ಹನಿಯುವುದಿಲ್ಲ. ವಾಷರ್‌ನ ಹೊರ ಅಗಲ ಬುಷ್‌ಗಿಂತ ಜಾಸ್ತಿ ಇದೆಯಾ ಅಂತ ಮೊದಲೇ ಅಳೆದುಕೊಳ್ಳಿ. ಒಂದು ರಾತ್ರಿ ಒಣಗಲು ಬಿಡಿ. ಹೊಸ ಆಯಿಲ್ ತುಂಬುವ ಮುಂಚೆ ಕಾಲು ಲೀಟರ್ ಅಗ್ಗದ ಆಯಿಲ್ ಮೇಲಿಂದ ಸುರಿದು ಡ್ರೈನ್ ತೂತಿನಿಂದ ಹರಿಸಿ. ಬಿಳಿ ಬಟ್ಟೆಯ ಮೇಲೆ ಹಿಡಿದು ನೋಡಿ. ಚೂರು ಹೊಳೆದರೆ ಇನ್ನೊಮ್ಮೆ ಹರಿಸಿ. ನಾವು ಮೂರು ಸಲ ಹರಿಸಿದೆವು.

ಸ್ಪಾರ್ಕ್ ಪ್ಲಗ್ ಥ್ರೆಡ್ ಹೋಗಿದ್ದರೆ ಹೆಡ್ (ಸಿಲಿಂಡರ್ ಮೇಲಿನ ಭಾಗ) ಬಿಚ್ಚಿ ಲೇತ್ ಅಂಗಡಿಗೆ ಒಯ್ಯಿರಿ. ಬೈಕಿನ ಮೇಲೇ ಮಾಡಬಹುದು ಎನ್ನುವವರು ಇದ್ದಾರೆ. ಒಂದೇ ಚೂರು ಸಿಲಿಂಡರ್‌ಗೆ ಬಿದ್ದು ಗೋಡೆ ಗೀರಿದರೆ ಆಗುವ ಖರ್ಚು ಹೆಡ್ ಗ್ಯಾಸ್ಕೆಟ್‌ಗಿಂತ ಎಷ್ಟೋ ಪಟ್ಟು.

ಎಷ್ಟು ಬಿಗಿ ಮಾಡಬೇಕು

ಅಲ್ಯುಮಿನಿಯಂನಲ್ಲಿ ಎಂ6 ಬೋಲ್ಟ್‌ಗೆ ಸುಮಾರು 10 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ), ಎಂ8ಕ್ಕೆ 20ರಿಂದ 25. ಡ್ರೈನ್ ಬೋಲ್ಟ್‌ಗೆ ನಿಮ್ಮ ಬೈಕಿನ ಮ್ಯಾನುವಲ್ ಹೇಳಿದ್ದೇ ಸರಿ. ಈ ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಸಣ್ಣ ಸ್ಪ್ರಿಂಗ್ ತಕ್ಕಡಿ ತನ್ನಿ. ಬೋಲ್ಟಿನ ಮಧ್ಯದಿಂದ ಸರಿಯಾಗಿ 20 ಸೆಂ.ಮೀ. ದೂರದಲ್ಲಿ ಸ್ಪ್ಯಾನರ್‌ಗೆ ಕೊಕ್ಕೆ ಹಾಕಿ, ಸ್ಪ್ಯಾನರ್‌ಗೆ ನೇರ ಅಡ್ಡಕ್ಕೆ ಎಳೆಯಿರಿ. ಮುಳ್ಳು 5 ಕೆ.ಜಿ. ತೋರಿಸಿದಾಗ ಅದು ಹತ್ತಿರ ಹತ್ತಿರ 10 ನ್ಯೂಟನ್ ಮೀಟರ್. ಮೊದಲ ಸಲ ಮಾಡಿದಾಗ ನನಗೆ ಆಶ್ಚರ್ಯ ಆಗಿತ್ತು. ಇಷ್ಟೇನಾ ಅನ್ನಿಸುವಷ್ಟು ಕಡಿಮೆ. ಒಂದ್ಹತ್ತು ಸಲ ಹೀಗೆ ಮಾಡಿದರೆ ಕೈಗೆ ಅಳತೆ ಬರುತ್ತದೆ. ಉದ್ದದ ಸ್ಪ್ಯಾನರ್ ಹಿಡಿದರೂ ತಲೆಯ ಹತ್ತಿರ ಎರಡೇ ಬೆರಳಲ್ಲಿ ಹಿಡಿಯುವ ಅಭ್ಯಾಸ ಮಾಡಿಕೊಳ್ಳಿ.

ಕವರ್ ಬೋಲ್ಟ್‌ಗಳನ್ನು ಎಲ್ಲವನ್ನೂ ಮೊದಲು ಬೆರಳಲ್ಲೇ ಹಚ್ಚಿ. ಹಚ್ಚುವಾಗ ಒಂದು ಸಲ ಎಡಕ್ಕೆ ತಿರುಗಿಸಿ. ಥ್ರೆಡ್‌ಗೆ ಥ್ರೆಡ್ ಬಿದ್ದಾಗ ಬೋಲ್ಟ್ ಚೂರು ಕೆಳಗೆ ಇಳಿದಂತೆ ಆಗುತ್ತದೆ. ಅಲ್ಲಿಂದ ಬಲಕ್ಕೆ. ಆಮೇಲೆ ಎದುರುಬದುರು ಬೋಲ್ಟ್‌ಗಳನ್ನು ಸರದಿಯಲ್ಲಿ ಎರಡು ಮೂರು ಹಂತದಲ್ಲಿ ಬಿಗಿ ಮಾಡಿ. ಮಳೆಗೆ ಸಿಗುವ ಬೋಲ್ಟ್‌ಗಳಿಗೆ ಗ್ರೀಸನ್ನು ತೆಳ್ಳಗೆ ಹಚ್ಚಿದರೆ ಬಿಳಿ ಪುಡಿ ಹಿಡಿಯುವುದು ಕಡಿಮೆ. ಗ್ರೀಸ್ ಇದ್ದಾಗ ಅಷ್ಟೇ ಬಲಕ್ಕೆ ಬೋಲ್ಟ್ ಜಾಸ್ತಿ ಬಿಗಿಯಾಗುತ್ತದೆ, ಕೈ ಇನ್ನಷ್ಟು ಹಗುರ ಇರಲಿ. ಡ್ರೈನ್ ವಾಷರ್ ಪ್ರತಿ ಆಯಿಲ್‌ಗೂ ಹೊಸದು ಹಾಕಿ. ಹಳೆಯ ವಾಷರ್ ಸೋರುತ್ತದೆ ಎಂದು ಇನ್ನೊಂದು ಸುತ್ತು ಬಿಗಿ ಮಾಡಿಯೇ ಎಷ್ಟೋ ಕೇಸ್‌ಗಳು ಹಾಳಾಗುವುದು.

ಕಳೆ ಹೊಡೆಯುವ ಮಷೀನ್, ಪವರ್ ಸ್ಪ್ರೇಯರ್, ಮರ ಕೊಯ್ಯುವ ಗರಗಸ, ಇವುಗಳ ಎಂಜಿನ್‌ನಲ್ಲೂ ಅಲ್ಯುಮಿನಿಯಂ ಭಾಗಗಳಿರುತ್ತವೆ. ಅದೇ ಕ್ರಮದಲ್ಲಿ ಅವನ್ನೂ ರಿಪೇರಿ ಮಾಡಬಹುದು. ನಮ್ಮ ಸ್ಪ್ರೇಯರ್‌ನ ಸೈಲೆನ್ಸರ್ ಬೋಲ್ಟ್ ಕಳೆದ ವರ್ಷ ಹೀಗೇ ಸರಿ ಮಾಡಿದೆ, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಹಿಂದಿನ ದಿನ.

ಕೆಲಸ ಮುಗಿದ ಮೇಲೆ ಎಂಜಿನ್ ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ಕೆಳಗೆ ಹಳೆಯ ಪೇಪರ್ ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಗಾಡಿ ರಸ್ತೆಗೆ ತೆಗೆಯಬಹುದು. ನೂರು ಕಿ.ಮೀ. ಆದ ಮೇಲೆ, ಎಂಜಿನ್ ತಣ್ಣಗಿರುವಾಗ ಆ ಬೋಲ್ಟ್‌ಗೆ ಒಮ್ಮೆ ಸ್ಪ್ಯಾನರ್ ತಾಗಿಸಿ ನೋಡಿ. ಅಲುಗದಿದ್ದರೆ ಅಲ್ಲಿಗೇ ಬಿಡಿ, ಇನ್ನೊಂದು ಸುತ್ತು ಬಿಗಿ ಮಾಡಬೇಡಿ.